ಹಾಕೇವಿ ಅಂದಾರೋ, ಹಾಕತೇವಿ ಅಂದಾರೋ

ದಾನವ್ವ ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಗಂಡ ತೀರಿಕೊಂಡ ಮೇಲೆ ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಹತ್ತಿ ಗಿರಣಿಯ ಕೂಲಿಗಳಿಗೆ ಕೊಡುತ್ತ, ಒಬ್ಬನೇ ಮಗ ಮಡಿವಾಳಪ್ಪನನ್ನು ದೊಡ್ಡವನನ್ನಾಗಿ ಮಾಡಿದವಳು. ಕೈ ಹಿಟ್ಟಿನ ಮೇಲಿದ್ದರೂ ಕಿವಿ ಎದುರಿನ ಕಟ್ಟೆಯ ಮೇಲೆ. ಅಲ್ಲಿ ಪಂಢರಿನಾಥರಾಯರು ದಿನಾ ಸಂಜೆ ಪತ್ರಿಕೆ ಓದುತ್ತಿದ್ದರು. ಕಚೇರಿಯಲ್ಲಿ ಕಾರಕೂನಿಕೆ ಮಾಡಿ ಬಿಟ್ಟವರು. ಅಚ್ಚಿನ ಮಾತನ್ನು ಓಣಿಯ ಮಾತಿಗೆ ಇಳಿಸಿ ಹೇಳುವವರು, ಆದರೆ ಅವಸರದಲ್ಲಿ ಮಾತಿನ ಕೊನೆ ನುಂಗಿಬಿಡುವವರು.

ಅದು ನಲವತ್ತೈದನೇ ಇಸವಿಯ ಶ್ರಾವಣದ ಬಾಗಿಲು. ಬೆಳಗಾವಿಯ ಪಲ್ಟನ್ನಿನಲ್ಲಿದ್ದ ಮಡಿವಾಳಪ್ಪ ಇಪ್ಪತ್ತು ದಿನದ ರಜೆಯ ಮೇಲೆ ಬಂದಿದ್ದ. ಶುಕ್ರವಾರದ ಗಾಡಿಗೆ ತಿರುಗಿ ಹೋಗಬೇಕು. ಹೋದರೆ ಹಡಗು ಹತ್ತಿಸಿ ಜಪಾನಿನವರ ಮೇಲೆ ಕಳಿಸುತ್ತಾರೆ ಎಂದು ಸುದ್ದಿ. ಅವನ ಜೋಡಿ ಭರ್ತಿಯಾಗಿ ಬರ್ಮಾಕ್ಕೆ ಹೋದ ಇಬ್ಬರು ಮರಳಿ ಬಂದಿರಲಿಲ್ಲ.

ದಾನವ್ವನನ್ನು ಪಂಚಮಿಗೆ ತವರಿಗೆ ಕರೆಯಲು ತಾರಿಹಾಳದಿಂದ ಚಕ್ಕಡಿ ಹೂಡಿಕೊಂಡು ಬಂದ ತಮ್ಮ ಮೈಲಾರಲಿಂಗಪ್ಪ ಒಂದು ಹಂಚಿಕೆ ಹಾಕಿದ. ಹುಡುಗನೂ ಚಕ್ಕಡಿಯಲ್ಲಿ ಬರಲಿ, ಹೊಲದ ಗುಡಿಸಲಲ್ಲಿ ಇರಲಿ, ಹಬ್ಬದ ಗದ್ದಲದಲ್ಲಿ ಯಾರು ಕೇಳುತ್ತಾರೆ, ಕೇಳಿದರೆ ಚಳಿಜ್ವರ ಅಂದರಾಯಿತು ಎಂದ. ಮಡಿವಾಳಪ್ಪ ನೆಲ ನೋಡುತ್ತ, ಅವ್ವ ಹೆಂಗಂತಾಳ ಹಂಗ ಅಂದ. ಎಲ್ಲ ದಾನವ್ವನ ತಲೆಯ ಮೇಲೆ ಬಂತು.

ಬುಧವಾರ ಸಂಜೆ ರಾಯರು ಓದಿದರು. ಅಮೇರಿಕದವರು ಜಪಾನದ ಒಂದು ಊರಿನ ಮೇಲೆ ಹೊಸ ನಮೂನೆಯ ಬಾಂಬು ಹಾಕಿದ ಸುದ್ದಿ. ಒಂದೇ ಬಾಂಬಿಗೆ ಊರಿಗೆ ಊರೇ ಹೋಯಿತಂತೆ. ಜಪಾನದವರು ಸೋಲೊಪ್ಪದಿದ್ದರೆ ಇನ್ನೂ ಇದೆಯಂತೆ. ಕಟ್ಟೆಯವರು ನಕ್ಕರು. ಮೂರು ವರ್ಷದ ಹಿಂದೆ ಜಪಾನದವರು ನಮ್ಮ ರೈಲ್ವೆ ಕಾರ್ಖಾನೆಯ ಮೇಲೇ ಬಾಂಬು ಹಾಕುತ್ತಾರೆಂದು ಇದೇ ಕಟ್ಟೆಯಲ್ಲಿ ಗುಲ್ಲೆದ್ದಿತ್ತು. ಅರ್ಧ ಓಣಿ ಬೀಗರ ಊರು ಸೇರಿತ್ತು, ಉಳಿದವರು ಹಿತ್ತಿಲಲ್ಲಿ ತಗ್ಗು ತೋಡಿದ್ದರು. ಒಂದು ಕಾಗೆಯೂ ಹಾರಿ ಬರಲಿಲ್ಲ. ಈಗ ಆ ತಗ್ಗುಗಳಲ್ಲಿ ಕೋಳಿ ಕಾವಿಗೆ ಕೂತಿದ್ದವು.

“ಒಂದ ಬಾಂಬಿಗೆ ಒಂದೂರಂತ. ಪೇಪರಿನಾಂವ ಭಂಗಿ ಸೇದಿ ಬರದಾನ ಬಿಡ್ರಿ,” ಅಂದ ಮೈಲಾರಲಿಂಗಪ್ಪ.

ದಾನವ್ವ ಕೈಯ ಹಿಟ್ಟು ಸೆರಗಿಗೆ ಒರಸಿಕೊಂಡು ಕಟ್ಟೆಯ ಹತ್ತಿರ ಬಂದಳು.

“ರಾಯರ, ಆ ಮಾತು ಇನ್ನೊಮ್ಮೆ ಓದ್ರಿ. ಹಾಕೇವಿ ಅಂದಾರೋ, ಹಾಕತೇವಿ ಅಂದಾರೋ?”

ರಾಯರು ಮೂಗಿನ ಮೇಲಿನ ಚಾಳೀಸು ಏರಿಸಿ ಮತ್ತೆ ನೋಡಿದರು. “ಎರಡೂ ಅಂದಾರವಾ. ಒಂದು ಹಾಕೇವಿ, ಇನ್ನೂ ಹಾಕತೇವಿ.”

“ಆವತ್ತು ಜಪಾನದವರು ನಮ್ಮ ಮ್ಯಾಲೆ ಅಂದದ್ದು?”

“ಅದು ಬರೇ ಹಾಕತೇವಿ.”

ದಾನವ್ವ ಮನೆಗೆ ಬಂದು, ಹುಡುಗ ಶುಕ್ರವಾರ ಹೋಗಲಿ ಅಂದಳು. ಮಾಡಿ ತೋರಿಸಿದವರು ಇನ್ನೊಮ್ಮೆ ಮಾಡುತ್ತಾರೆ, ಇವನು ಹಡಗು ಹತ್ತುವುದರೊಳಗೆ ಯುದ್ಧ ಮುಗಿಯುತ್ತದೆ, ಅಡಗಿ ಕೂತರೆ ಯುದ್ಧ ಮುಗಿದ ಮೇಲೂ ಇವನೊಬ್ಬ ಜೇಲಿನ ಹಾದಿ ಹಿಡಿಯಬೇಕಾಗುತ್ತದೆ ಎಂಬುದು ಆಕೆಯ ಲೆಕ್ಕ.

“ಪೇಪರಿನ ಒಂದಕ್ಷರದ ಮ್ಯಾಲೆ ಮಗನ ಜೀವಾ ಇಡತೀ ಏನಕ್ಕಾ?”

“ಮತ್ಯಾತರ ಮ್ಯಾಲೆ ಇಡ್ಲಿ? ನಿನ್ನ ಗುಡಿಸಲದ ಮ್ಯಾಲೆ?”

ತಮ್ಮ ಸಿಟ್ಟಿನಿಂದ ಖಾಲಿ ಚಕ್ಕಡಿ ಹೊಡೆದುಕೊಂಡು ಹೋದ. ದಾನವ್ವ ಆ ವರ್ಷ ಪಂಚಮಿಗೆ ತವರಿಗೆ ಹೋಗಲಿಲ್ಲ. ಮರುದಿನ, ಗುರುವಾರ ಮುಂಜಾನೆ, ಅಂಗೈಯ ಲಿಂಗಕ್ಕೆ ನೀರೆರೆದು ಬೇಡಿದ್ದು ಒಂದೇ: ಅವರು ಅಂದದ್ದು ಮಾಡಲಿ, ಲಗೂ ಮಾಡಲಿ. ಶುಕ್ರವಾರ ಮಗ ಗಾಡಿ ಹತ್ತಿದ. ಅಂದೇ ಸಂಜೆ, ಎರಡನೆಯದೂ ಬಿತ್ತೆಂದು ರಾಯರು ಓದಿದರು. ಮುಂದಿನ ಬುಧವಾರ ಜಪಾನು ಸೋಲೊಪ್ಪಿತು. ಓಣಿಯವರು ಆಕೆಯ ಬಾಯಿಗೆ ಸಕ್ಕರೆ ಹಾಕಿದರು. ತಮ್ಮ ಪಂಚಮಿಯ ಉಂಡಿಯ ಡಬ್ಬಿ ತಂದು ಇಟ್ಟು ಹೋದ.

ಮಡಿವಾಳಪ್ಪ ಒಂದು ಗುಂಡೂ ಹಾರಿಸಲಿಲ್ಲ. ಮರುವರ್ಷ ಸೋತ ದೇಶದ ಕಾವಲಿಗೆಂದು ಅವನ ಪಲ್ಟನ್ನನ್ನು ಜಪಾನಿಗೇ ಕಳಿಸಿದರು. ನಲವತ್ತೇಳರಲ್ಲಿ ಬಂದವನು ಓಣಿಯವರಿಗೆ ಹಿಮದ ಸುದ್ದಿ, ಕಟ್ಟಿಗೆಯ ಮನೆಗಳ ಸುದ್ದಿ ಹೇಳಿದ. ಎಲ್ಲರೂ ಎದ್ದು ಹೋದ ಮೇಲೆ ಅವ್ವ, ಮೊದಲ ಬಾಂಬು ಬಿದ್ದ ಆ ಊರು ಕಂಡಿಯಾ ಎಂದು ಕೇಳಿದಳು. ರೈಲು ಅದರೊಳಗೇ ಹಾದು ಹೋಗುತ್ತಿತ್ತಂತೆ.

“ಇಲ್ಲಿ ನಿಂತ್ರ ಊರಾಚಿನ ಬೆಂಗೇರಿ ಕಾಣತಿತ್ತು ಅನ್ನವ್ವಾ. ನಡುವ ಏನೂ ಇಲ್ಲ.”

“ಮಂದಿ?”

“ಮುಂಜಾನೆ ಹೊತ್ತು. ಮನ್ಯಾಗಿದ್ರು, ಸಾಲ್ಯಾಗಿದ್ರು.”

“ಎರಡನೇ ಊರು?”

“ಅದನ್ನ ನಾ ನೋಡಿಲ್ಲ. ಅದು ಗುರುವಾರ ಮುಂಜಾನೆ ಹೋತಂತ.”

ದಾನವ್ವ ಇನ್ನೊಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಆಮೇಲೆ ಆ ಗುರುವಾರ ತಾನು ಬೇಡಿಕೊಂಡದ್ದನ್ನು ಹೇಳಿದಳು. ಮಗ ಸಮಾಧಾನ ಮಾಡಲು ನೋಡಿದ. ನೀ ಬೇಡದಿದ್ರೂ ಅವರು ಹಾಕತಿದ್ರು ಅಂದ.

“ಹಾಕತಿದ್ರು. ಆದ್ರ ನಾ ಬೇಡಿದ್ದೆ.”

ಮಡಿವಾಳಪ್ಪ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಗಿರಣಿಗೆ ಕೊಟ್ಟು ಬರಲು ಹೋದ.