ಚರಗದ ದಿನ ಹೊರಳಿ ನೋಡದವಳು

ನಮ್ಮ ಮನೆತನಕ್ಕೆ ಮಣ್ಣಿನ ಹುಚ್ಚು. ದೇಶಪಾಂಡೆ ನಗರದ ಮನೆಯಲ್ಲಿ ಫ್ಯಾನಿನ ಕೆಳಗೆ ನಿದ್ದೆ ಬರುವುದಿಲ್ಲವೆಂದು ಗೊಣಗುವ ಅಪ್ಪ, ನವಲಗುಂದದ ಕಡೆಯ ನಮ್ಮ ಎರೆಹೊಲದಲ್ಲಿ ಹೆಂಟೆಯ ಮೇಲೆ ಕಂಬಳಿ ಹಾಸಿದರೂ ಗೊರಕೆ ಹೊಡೆಯುತ್ತಾರೆ. ಎಳ್ಳ ಅಮಾವಾಸ್ಯೆ ಬಂತೆಂದರೆ ಎಲ್ಲರೂ ಅಲ್ಲಿಗೆ ಹೋಗಿ, ಬನ್ನಿಗಿಡದ ಪಕ್ಕ ತಾಡಪಾಲಿನ ಡೇರೆ ಹೊಡೆದು, ಎರಡು ದಿನ ವಸ್ತಿ ಮಾಡಲೇಬೇಕು. ಮಕ್ಕಳಿಗೆ ಅದು ಕ್ಯಾಂಪು. ನನಗೆ ಮಾತ್ರ ಆ ಹೊಲವೆಂದರೆ ಮೊದಲಿನಿಂದಲೂ ಅಳುಕು. ಪೂರ್ವದ ಬದುವಿನ ಆಚೆ, ಬಾಜೂ ಹೊಲದಲ್ಲಿ, ಕಟ್ಟೆಯಿಲ್ಲದ ಹಾಳುಬಾವಿಯೊಂದಿದೆ.

ಅಮಾವಾಸ್ಯೆಯ ಮಧ್ಯಾಹ್ನ ಚರಗ ಚೆಲ್ಲುತ್ತೇವೆ. ಪೂಜೆಯಾದ ಮೇಲೆ ಕಡುಬು, ರೊಟ್ಟಿ, ಪಲ್ಲೆ ಕಲಸಿ ಭೂಮಿತಾಯಿ ಉಣ್ಣಲೆಂದು ಹೊಲದ ಸುತ್ತ ಎರಚುತ್ತ ಹೋಗುವುದು. ಮುಂದಿನವರು ಚೆಲ್ಲಬೇಕು, ಹಿಂದಿನವರು ನೀರು ಚಿಮುಕಿಸಬೇಕು. ಅದಕ್ಕೆ ನಮ್ಮ ಅಪ್ಪನ ಕಟ್ಟಳೆ ಬೇರೆ.

"ಆಕಿ ಉಣ್ಣೂ ಹೊತ್ತು. ಹೊರಳಿ ನೋಡಬ್ಯಾಡ್ರಿ. ತಿರುಗಿ ಬನ್ನಿಗಿಡ ಮುಟ್ಟೂತನಕ ಯಾರೂ ಮಾತಾಡಬ್ಯಾಡ್ರಿ."

ಆ ವರ್ಷ ಅಣ್ಣ ಚರಗದ ಬುಟ್ಟಿ ಹಿಡಿದಿದ್ದ, ನನ್ನ ಕೈಯಲ್ಲಿ ತಂಬಿಗೆ. ಆರು ವರ್ಷದ ನನ್ನ ಮಗಳು ತಾನೂ ಬರುತ್ತೇನೆಂದು ಹಟ ಮಾಡಿ ಸೆರಗು ಹಿಡಿದಳು. ಅಪ್ಪ ಅವಳಿಗೂ ಕಟ್ಟಳೆ ಹೇಳಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಜೋಳ ನನ್ನ ತಲೆಗಿಂತ ಎತ್ತರ ಬೆಳೆದಿತ್ತು. ನಾವು ಬದುವಿನ ಪಕ್ಕ ಸಾಲುಗಳ ಒಳಗೇ ನಡೆಯುತ್ತಿದ್ದೆವು. ಪೂರ್ವದ ಬದು ಬಂದಾಗ ಯಾರೋ ಸೆರಗು ಜಗ್ಗಿದಂತಾಯಿತು. ಮತ್ತೊಮ್ಮೆ ಜಗ್ಗಿತು. ಆಟ ಹಚ್ಚಿದ್ದಾಳೆ ಅಂದುಕೊಂಡೆ. ಆಮೇಲೆ ಸೆರಗು ಹಗುರಾಯಿತು. ಕತ್ತು ತಾನಾಗಿ ಹೊರಳಲು ನೋಡಿತು, ನಾನೇ ತಡೆದೆ. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು, ಊರಿಗೆಲ್ಲ ಬುದ್ಧಿ ಹೇಳುತ್ತೇನೆ. ಆದರೂ ಹೊರಳಲಿಲ್ಲ.

ಬನ್ನಿಗಿಡ ಮುಟ್ಟಿ ಹಿಂದೆ ನೋಡಿದರೆ ಯಾರೂ ಇಲ್ಲ.

"ಕೂಸು ಎಲ್ಲೈತಿ?" ಅವ್ವ ಕೇಳಿದಳು. ತಂಬಿಗೆ ನನ್ನ ಕೈಯಿಂದ ಜಾರಿತು.

ಹೆಸರು ಹಿಡಿದು ಎಲ್ಲರೂ ಕೂಗಿದೆವು. ಉತ್ತರವಿಲ್ಲ. ಅಣ್ಣ ಜೋಳದೊಳಗೆ ನುಗ್ಗಿದ. ನಾನು ನೇರ ಬಾವಿಗೆ ಓಡಿ, ಅಂಚಿನಲ್ಲಿ ಮೊಣಕಾಲೂರಿ ಬಗ್ಗಿದೆ. ಕೆಳಗೆ ಹಸಿರು ಪಾಚಿ. ಒಂದು ಕಡೆ ಮಾತ್ರ ಪಾಚಿ ಸರಿದು ಕಪ್ಪು ನೀರು ಕಾಣುತ್ತಿತ್ತು. ಈಗತಾನೇ ಸರಿದದ್ದೋ, ಮೊದಲೇ ಹಾಗಿತ್ತೋ? ಅಂಥ ಹೆದರಿಕೆ ಅದಕ್ಕೂ ಮೊದಲು ನನಗೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಹಿಂದಿನಿಂದ ಬಂದ ಅಪ್ಪ ನನ್ನ ರಟ್ಟೆ ಹಿಡಿದರು.

"ಇಲ್ಲಿಗಿ ಬಂದಿರಂಗಿಲ್ಲ ತಗೀ" ಎಂದರು. ಆದರೆ ನೀರಿನಿಂದ ಕಣ್ಣು ಕೀಳಲಿಲ್ಲ.

ಆಗ ಜೋಳದೊಳಗಿಂದ ಅಣ್ಣನ ದನಿ ಕೇಳಿತು. "ಇಲ್ಲೇ ಅದಾಳ, ಬರ್ರಿ."

ಬದುವಿನಿಂದ ನಾಲ್ಕೇ ಸಾಲು ಒಳಗೆ, ಎರೆಮಣ್ಣಿನ ಬಿರುಕಿನಲ್ಲಿ ಕಾಲು ಸಿಕ್ಕಿಸಿಕೊಂಡು ಕುಳಿತಿದ್ದಳು. ಕೆನ್ನೆ ತುಂಬ ಕಣ್ಣೀರು, ತುಟಿಯ ಮೇಲೆ ಬೆರಳು. ನಾವು ಕೂಗಿದ್ದೆಲ್ಲ ಅವಳಿಗೆ ಕೇಳಿತ್ತು. ಕಾಲು ಬಿಡಿಸಿ ಎತ್ತಿಕೊಂಡರೂ ತುಟಿ ಪಿಟಕ್ಕೆನ್ನಲಿಲ್ಲ. ಬನ್ನಿಗಿಡದ ಹತ್ತಿರ ತಂದಾಗ ಕೈ ಚಾಚಿ ಗಿಡ ಮುಟ್ಟಿದಳು, ಆಮೇಲೆ ಬಾಯಿ ಬಿಟ್ಟಳು.

"ಅಜ್ಜಾ, ನಾ ಒಟ್ಟ ಮಾತಾಡಲಿಲ್ಲ."

ಅಪ್ಪ ಅಲ್ಲೇ ನೆಲಕ್ಕೆ ಕುಳಿತುಬಿಟ್ಟರು. ಮಗಳು ನನ್ನ ಕಡೆ ತಿರುಗಿದಳು.

"ಮಮ್ಮಿ, ನಾ ಎರಡ ಸಲ ಜಗ್ಗಿದೆ. ನಿನಗ ಗೊತ್ತಾಗಲಿಲ್ಲೇನು?"

"ಇಲ್ಲ ಪುಟ್ಟಿ, ಗೊತ್ತಾಗಲಿಲ್ಲ" ಎಂದೆ.

ಈಗಲೂ ಪ್ರತಿವರ್ಷ ಅಲ್ಲೇ ಡೇರೆ ಹೊಡೆಯುತ್ತೇವೆ. "ಹೊರಳಿ ಹೊರಳಿ ನೋಡ್ಕೋತ ಹೋಗ್ರಿ, ಭೂಮಿತಾಯಿ ಸಿಟ್ಟಾಗಂಗಿಲ್ಲ" ಅನ್ನುತ್ತಾರೆ ಅಪ್ಪ. ಮಗಳು ಹೈಸ್ಕೂಲಿಗೆ ಬಂದಿದ್ದಾಳೆ, ಚರಗದ ಬುಟ್ಟಿ ಅವಳೇ ಹಿಡಿಯುತ್ತಾಳೆ. ಸೆರಗು ಜಗ್ಗಿದ್ದು ಮಮ್ಮಿಗೆ ಅಂದು ಗೊತ್ತೇ ಆಗಿರಲಿಲ್ಲ ಎಂದು ಅವಳು ಇಂದಿಗೂ ನಂಬಿದ್ದಾಳೆ.