ವರ್ನಾ ಆರಿಸಿಕೊಟ್ಟ ಕೋಟು

ಓರಿನ್ ಹ್ಯಾಸ್ಕೆಟ್ ಸತ್ತದ್ದು ಅವನ ಹೆಂಡತಿ ಆರಿಸಿಕೊಟ್ಟ ಕೋಟಿನಿಂದ ಎಂದು ಅಮೆರಿಕದ ಲೆಮ್‌ಹೈ ಕಣಿವೆಯಲ್ಲಿ ಈಗಲೂ ಹೇಳುವವರಿದ್ದಾರೆ. ಹಾಗೆ ಹೇಳುವವರಲ್ಲಿ ಒಬ್ಬನೂ ಆ ಕೋಟನ್ನು ಕೈಯಲ್ಲಿ ಹಿಡಿದು ನೋಡಿದವನಲ್ಲ. ಒಬ್ಬ ಹೆಂಗಸಿನ ತಲೆಯ ಮೇಲೆ ಸಾವನ್ನು ಹೊರಿಸುವುದಕ್ಕೆ ಮುಂಚೆ ನಡೆದದ್ದೇನೆಂದು ವಿಚಾರಿಸುವಷ್ಟು ಸೌಜನ್ಯವೂ ಅವರಿಗಿರಲಿಲ್ಲ.

ವರ್ನಾ ಹ್ಯಾಸ್ಕೆಟ್ ಊರಿನ ಬೇಟೆ ಸಾಮಾನಿನ ಅಂಗಡಿಯಲ್ಲಿ ಉಡುಪಿನ ಕಡೆ ನೋಡಿಕೊಳ್ಳುತ್ತಿದ್ದಳು. ಬೇಟೆಯ ಕಾಲ ಹತ್ತಿರವಾದಾಗ ಬರುವ ಗಿರಾಕಿಗಳು ನೇರವಾಗಿ ಹೋಗಿ ಅತ್ಯಂತ ದಪ್ಪ ಕೋಟಿಗೇ ಕೈಹಾಕುವುದು ವಾಡಿಕೆ. ಅವಳು ಅದನ್ನು ಅವರ ಕೈಯಿಂದ ಬಿಡಿಸಿ ಮತ್ತೆ ಗೂಟಕ್ಕೆ ನೇತುಹಾಕುತ್ತಿದ್ದಳು.

"ಇದನ್ನ ಹಾಕ್ಕೊಂಡು ಎಲ್ಲಿ ಕೂತ್ಕೋತೀಯಪ್ಪ, ಅಂಚೆ ಕಚೇರೀಲಾ? ಬೆಟ್ಟ ಹತ್ತಿದ್ರೆ ಒಳಗೇ ಬೆಂದು ಹೋಗ್ತೀಯ. ಆಮೇಲೆ ಆ ಬೆವರೇ ನಿನ್ನ ಹೆಪ್ಪುಗಟ್ಸತ್ತೆ."

ಅವಳ ಪಾಠಕ್ಕೊಂದು ಕ್ರಮವಿತ್ತು. ಮೈಗೆ ಅಂಟಿದಂತೆ ತೆಳು ಉಣ್ಣೆ. ಹತ್ತಿಯ ಬಟ್ಟೆ ಒಳಚಡ್ಡಿಯಲ್ಲೂ ಕೂಡದು. ಅದರ ಮೇಲೆ ಉಸಿರಾಡುವಂಥ ಇನ್ನೊಂದು ಪದರ. ಗಾಳಿ ಮಳೆಗೆ ನೀರಿಳಿಯದ ಒಂದು ತೆಳು ಮೇಲಂಗಿ, ಅವಳ ಮಾತಿನಲ್ಲಿ ಹೊರಚಿಪ್ಪು. ಕೊನೆಯದು, ಚೀಲದ ತೀರಾ ಮೇಲುಗಡೆ, ಕೈಗೆ ಸಿಗುವ ಹಾಗೆ ಮಡಚಿಟ್ಟ, ಹಕ್ಕಿಯ ಗರಿ ತುಂಬಿದ ಹಗುರವಾದ ಬೆಚ್ಚನೆಯ ಕೋಟು. ಅದು ನಡೆಯುವುದಕ್ಕಲ್ಲ, ಬೆಟ್ಟದ ನೆತ್ತಿಯಲ್ಲಿ ಕುಳಿತು ದುರ್ಬೀನು ಹಿಡಿದು ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡಿಗೆ ಕಾಯುವ ಹೊತ್ತಿಗೆ.

"ಚಳೀಲೇ ಹೊರಡು, ಸ್ವಲ್ಪ ನಡುಗಿದ್ರೆ ಏನೂ ಆಗಲ್ಲ," ಎನ್ನುತ್ತಿದ್ದಳು. "ನಡೀತಾ ಗರಿಕೋಟು ಮುಟ್ಟಿದ್ರೆ ನನ್ನ ಹತ್ರ ಮತ್ತೆ ಬರಬೇಡ. ಬೆವರು ಕುಡಿದ ಗರಿ ಅಂದ್ರೆ ಒದ್ದೆ ಕೋಳಿ. ಅದನ್ನ ತಬ್ಕೊಂಡು ಮಲಗ್ತೀಯಾ?"

ಈ ಮಾತಿನಲ್ಲಿ ತಪ್ಪಿಲ್ಲ. ಆ ಬೆಟ್ಟಗಳಲ್ಲಿ ತಿರುಗಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಅವಳ ಮಾತನ್ನು ಕೇಳದೆ ಉಳಿದಿದ್ದವನು ಅವಳ ಗಂಡನೊಬ್ಬನೇ. ಓರಿನ್ ಮರ ಕೊಯ್ಯುವ ಕಾರ್ಖಾನೆಯಲ್ಲಿ ಮಂಡಿ ಸವೆಸಿಕೊಂಡವನು. ಬೇಟೆಗೆ ಹೊರಟರೆ ಅಪ್ಪನ ಕಾಲದ ಕೆಂಪು ಚೌಕುಳಿಯ ಉಣ್ಣೆ ಕೋಟನ್ನೇ ಹೊತ್ತು ನಡೆಯುತ್ತಿದ್ದ. ನೆನೆದರೆ ಅದು ಸತ್ತ ಕುರಿಯಷ್ಟು ಭಾರ. ಆ ವರ್ಷ ಮಂಡಿ ಊದಿಕೊಂಡು ಮೆಟ್ಟಿಲಿಳಿಯುವುದೂ ಕಷ್ಟವಾದಾಗ ಬೇಟೆ ಬಿಡು ಎಂದು ಅವಳು ಹೇಳಲಿಲ್ಲ. ಹೇಳಿದರೆ ಅವನು ಮುದುಕನಾಗಿಬಿಡುತ್ತಾನೆಂದು ಅವಳಿಗೆ ಗೊತ್ತಿತ್ತು. ಬದಲಿಗೆ ಅವನ ಬೆನ್ನಿನ ಹೊರೆಯನ್ನು ಇಳಿಸಲು ಹೊರಟಳು.

ಕೊನೆಗೆ ಎರಡು ಕೋಟುಗಳು ಉಳಿದವು. ಒಂದರೊಳಗೆ ಕೃತಕ ಎಳೆ: ನೆನೆದರೂ ಒಂದಿಷ್ಟು ಬಿಸಿ ಉಳಿಸಿಕೊಳ್ಳುತ್ತದೆ, ಆದರೆ ಭಾರ ಹೆಚ್ಚು, ಜಾಗವೂ ಹೆಚ್ಚು. ಇನ್ನೊಂದರೊಳಗೆ ಹೆಬ್ಬಾತಿನ ಎಳೆಗರಿ: ಒಣಗಿದ್ದರೆ ಅದಕ್ಕೆ ಸಮನಿಲ್ಲ, ನೆನೆದರೆ ಮುದ್ದೆ. ಒಂದು ವಾರ ಅವಳು ಎರಡನ್ನೂ ಕೈಯಲ್ಲಿ ತೂಗಿದಳು. ಕೊನೆಗೆ ಅವನ ಮಂಡಿಯನ್ನು ನೆನಪಿಸಿಕೊಂಡು ಗರಿಯದನ್ನೇ ಆರಿಸಿದಳು. ಮುದುಡಿ ಸಣ್ಣ ಚೀಲಕ್ಕೆ ತುಂಬಿದರೆ ಅದು ಒಂದು ರೊಟ್ಟಿಯ ಗಾತ್ರ.

ಓರಿನ್ ಅದನ್ನು ಮೇಲಕ್ಕೆಸೆದು ಹಿಡಿದ. "ಇದರೊಳಗೆ ಏನಾದ್ರೂ ಇದ್ಯೇನೇ, ಇಲ್ಲ ನಿಮ್ಮ ಅಂಗಡಿ ಯಜಮಾನ ಗಾಳಿ ಮಾರೋಕೆ ಶುರು ಮಾಡಿದ್ನಾ?"

"ಮಳೆಗೆ ಹೊರಚಿಪ್ಪಿದೆ. ಇದನ್ನ ಕೂತಾಗ ಮಾತ್ರ ಹಾಕ್ಕೋ. ನಡೀತಾ ಹಾಕ್ಕೊಂಡೆ ಅಂತ ನಿನ್ನ ತಮ್ಮ ಡೆಲ್ಮರ್ ಹೇಳಿದ್ರೆ ಚರ್ಮ ಸುಲೀತೀನಿ."

"ಎಲ್ಕ್ ಚರ್ಮಾನೇ ಸುಲಿದು ಮುಗಿಸಲ್ಲ ನೀನು," ಎಂದ. ಆದರೆ ತೆಗೆದುಕೊಂಡು ಹೋದ.

ಅಕ್ಟೋಬರಿನಲ್ಲಿ ಅವನೂ ತಮ್ಮ ಡೆಲ್ಮರನೂ ಬೆಟ್ಟ ಹತ್ತಿದರು. ಒಂದು ಹೆಣ್ಣು ಎಲ್ಕ್ ಸಿಕ್ಕಿತು. ಕೊಂದ ಪ್ರಾಣಿಯ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಲ್ಲಿಯವರಲ್ಲಿ ಕಳ್ಳತನಕ್ಕಿಂತ ಕೀಳು. ಕೊನೆಯ ಎರಡು ತೊಡೆಗಳನ್ನು ಹೊರಲು ಅವರು ಮತ್ತೆ ಮೇಲಕ್ಕೆ ಹೋದಾಗ ಮಳೆ ಶುರುವಾಯಿತು, ಮಳೆ ಹಿಮವಾಯಿತು. ಕೆಳಗಿನ ಗುಡಾರ ಮುಟ್ಟಿದವನು ಡೆಲ್ಮರ್ ಒಬ್ಬನೇ.

ಚಳಿ ಹೊಡೆಯಿತು ಎಂಬುದಕ್ಕಿಂತ ಹೆಚ್ಚಿಗೆ ಡೆಲ್ಮರ್ ಯಾರಿಗೂ ಏನೂ ಹೇಳಲಿಲ್ಲ. ಊರು ಅಷ್ಟಕ್ಕೇ ಸುಮ್ಮನಿರಲಿಲ್ಲ. ಅಂತ್ಯಕ್ರಿಯೆಯ ಮರುವಾರ, ಕಾಫಿಯಂಗಡಿಯಲ್ಲಿ ಮರ್ಲ್ ಎಂಬುವನು ಬಾಗಿಲಿಗೆ ಬೆನ್ನು ಹಾಕಿ ಹೇಳುತ್ತಿದ್ದ: "ಮಳೆಗೆ ಗರಿಕೋಟು ಕೊಟ್ಟು ಕಳಿಸಿದ್ಲು ನೋಡ್ರೋ. ಅಪ್ಪನ ಉಣ್ಣೆ ಕೋಟು ಇದ್ದಿದ್ರೆ ಓರಿನ್ ಇವತ್ತು ಇಲ್ಲೇ ಕೂತು ನನ್ನ ಕಾಸಲ್ಲಿ ಕಾಫಿ ಕುಡೀತಿದ್ದ." ವರ್ನಾ ಬಾಗಿಲಲ್ಲಿ ನಿಂತಿದ್ದಳು. ಯಾರೋ ಮರ್ಲ್‌ನ ಕಾಲು ತುಳಿದರು. ಅವಳು ಒಳಗೆ ಬರದೆ ಹೊರಟುಹೋದಳು.

ಅಂದಿನಿಂದ ಅವಳಿಗೆ ತಿಳಿಯಬೇಕಾದದ್ದು ಒಂದೇ: ಕೋಟು ನೆನೆದಿತ್ತೋ ಇಲ್ಲವೋ. ನೆನೆದಿದ್ದರೆ, ತೂಕದ ಆಸೆಗೆ ಬಿದ್ದು ಗರಿಯನ್ನು ಆರಿಸಿದ ತನ್ನ ಕೈಯೇ ಅವನನ್ನು ಕೊಂದದ್ದು. ಅವನ ಬಂದೂಕು, ಬೂಟು ಎಲ್ಲ ಮನೆಗೆ ಬಂದಿದ್ದವು. ಕೋಟು ಮಾತ್ರ ಬಂದಿರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಅವಳು ಡೆಲ್ಮರನ ಮನೆಗೆ ಹೋದಳು. ಅವನು ಶೀತಪೆಟ್ಟಿಗೆಯಿಂದ ಕಾಗದದಲ್ಲಿ ಸುತ್ತಿದ ಮಾಂಸವನ್ನು ತೆಗೆದು ಮೇಜಿನ ಮೇಲೆ ಪೇರಿಸತೊಡಗಿದ.

"ಓರಿನ್ ಪಾಲು. ನಾನು ಮುಟ್ಟಿಲ್ಲ."

"ಮಾಂಸ ಬೇಡ ಡೆಲ್. ಕೋಟು ಎಲ್ಲಿ?"

"ಕೊಡ್ತೀನಿ ಬಿಡು ಯಾವಾಗಾದ್ರೂ."

"ನೆನೆದಿತ್ತಾ?"

ಅವನು ಪೇರಿಸುವುದನ್ನು ನಿಲ್ಲಿಸಿದ. ಒಳಗೆ ಹೋಗಿ ಬಂದು ಅವಳ ಕೈಗಿಟ್ಟ. ಕೋಟು ಇನ್ನೂ ಅದರ ಚೀಲದೊಳಗೇ ಇತ್ತು. ಅವಳು ದಾರ ಸಡಿಲಿಸಿದಾಗ ಗರಿಗಳು ಉಸಿರೆಳೆದುಕೊಂಡಂತೆ ಉಬ್ಬಿ ಮಡಿಲು ತುಂಬಿದವು. ಎಲ್ಲೂ ಮುದ್ದೆಗಟ್ಟಿರಲಿಲ್ಲ; ಒಂದು ಹನಿ ನೀರೂ ಅದನ್ನು ಮುಟ್ಟಿರಲಿಲ್ಲ.

"ಹಾಕ್ಕೊಂಡೇ ಇಲ್ವಾ?"

"ನೆತ್ತಿ ದಾಟುವಾಗ ಹಲ್ಲು ಕಟಕಟ ಅಂತಿತ್ತು ಅವನಿಗೆ. ತೆಗೆದು ಹಾಕ್ಕೊಳ್ಳೋ ಅಂದೆ. ನಡೀತಿದ್ದೀವಲ್ಲೋ, ಗುಡಾರದಲ್ಲಿ ಹಾಕ್ಕೋತೀನಿ, ಇಲ್ಲಾಂದ್ರೆ ವರ್ನಾ ಚರ್ಮ ಸುಲೀತಾಳೆ ಅಂದ. ನಕ್ಕ. ನಾನೂ ನಕ್ಕೆ."

ವರ್ನಾ ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಮಂಡಿ ನೋವಿಗೆ ಅವನು ಹಿಂದೆ ಉಳಿದ. ನಾನು ಗುಡಾರದಲ್ಲಿ ಹೊರೆ ಇಳಿಸಿ ವಾಪಸ್ ಹತ್ತಿದೆ. ಬಂಡೆಗೆ ಒರಗಿ ಕೂತಿದ್ದ. ಈ ಕೋಟಿನ ಚೀಲ ತೊಡೆ ಮೇಲೆ. ಕೂತ ಮೇಲೆ ತೆಗೆದಿದ್ದಾನೆ, ನೀನು ಹೇಳಿದ ಹಾಗೇ. ಬೆರಳು ಬಗ್ಗಿಲ್ಲ, ದಾರ ಬಿಚ್ಚೋಕಾಗಿಲ್ಲ." ಡೆಲ್ಮರ್ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಇದನ್ನ ಹೇಗೆ ಹೇಳ್ಲಿ ನಿಂಗೆ. ಕೋಟು ಸರಿಯಿಲ್ಲ ಅಂತ ಊರು ಅಂದುಕೊಂಡ್ರೆ ಅಂದುಕೊಳ್ಳಲಿ ಅಂತ ಬಿಟ್ಟೆ."

"ಕೋಟು ಸರಿಯಾಗೇ ಇತ್ತು."

"ನೀನು ಹೇಳಿದ್ದೂ ಸರಿಯಾಗೇ ಇತ್ತು ಕಣೇ."

"ಅದಕ್ಕೇ," ಎಂದಳು ವರ್ನಾ. "ಒಂದೇ ಒಂದು ಸಲ ನನ್ನ ಮಾತು ಕೇಳಿದ." ಮಾಂಸವನ್ನು ಅಲ್ಲೇ ಬಿಟ್ಟು ಕೋಟನ್ನು ತಬ್ಬಿಕೊಂಡು ಮನೆಗೆ ನಡೆದಳು.

ಮಾರನೆಯ ವರ್ಷದ ಬೇಟೆಯ ಕಾಲಕ್ಕೂ ಅವಳು ಅಂಗಡಿಯಲ್ಲಿದ್ದಳು. ಮೊದಲ ಸಲ ಬೆಟ್ಟಕ್ಕೆ ಹೊರಟಿದ್ದ ಹೊಸದಾಗಿ ಮದುವೆಯಾದ ಒಬ್ಬ ಹುಡುಗಿ ಬಂದು ಏನು ಹಾಕಿಕೊಳ್ಳಬೇಕೆಂದು ಕೇಳಿದಳು. ವರ್ನಾ ತೆಳು ಉಣ್ಣೆಯಿಂದ ಶುರುಮಾಡಿ ಒಂದೊಂದೇ ಪದರವನ್ನು ಕ್ರಮವಾಗಿ ಮೇಜಿನ ಮೇಲೆ ಹಾಸಿದಳು. ಗರಿಕೋಟಿನ ಸರದಿ ಬಂದಾಗ ಅದನ್ನು ಬಿಡಿಸದೆ ಚೀಲದಲ್ಲಿದ್ದ ಹಾಗೇ ಇಟ್ಟಳು.

"ಇದು ಕೂತಾಗ ಮಾತ್ರ ಅಲ್ವಾ? ಎಲ್ರೂ ಹಾಗೇ ಅಂತಾರೆ," ಎಂದಳು ಆ ಹುಡುಗಿ.

"ಹಾಗೇ. ಆದ್ರೆ ನಡುಕ ನಿಲ್ಲದೇ ಹೋದ್ರೆ ಹಾಕ್ಕೋ. ನಡೀತಾನೇ ಹಾಕ್ಕೋ. ಚಿಪ್ಪಿನ ಒಳಗೋ ಹೊರಗೋ, ಹೇಗಾದ್ರೂ."

"ಹಾಳಾಗಲ್ವಾ?"

"ಹಾಳಾಗತ್ತೆ. ಹಾಳುಮಾಡಿ ತಗೊಂಬಾ. ಬೇರೆ ಕೊಡ್ತೀನಿ."

ಹಿಂದಿನ ಕೋಣೆಯಿಂದ ಯಜಮಾನ ಗಸ್ ಗೊಣಗಿದ. "ನನ್ನ ಅಂಗಡಿ ಕಣಮ್ಮಾ ಇದು, ಧರ್ಮಛತ್ರ ಅಲ್ಲ."

ಹುಡುಗಿ ನಕ್ಕಳು. ವರ್ನಾ ನಗಲಿಲ್ಲ. ಚೀಲದ ಬಾಯಿಯ ದಾರವನ್ನು ಅವಳ ಕೈಗೆ ಕೊಟ್ಟು, ಗೂಟದಿಂದ ಒಂದು ಜೊತೆ ದಪ್ಪ ಕೈಗವಸು ತೆಗೆದಳು.

"ಇದನ್ನ ಹಾಕ್ಕೊಂಡು ದಾರ ಬಿಚ್ಚಿ ತೋರ್ಸು," ಎಂದಳು. "ಆಗೋವರೆಗೂ ನಾನು ಮಾರಲ್ಲ."