ಮರ ಹತ್ತುತ್ತಿದ್ದ ರಂಗಪ್ಪ ಅಂಗಿ ಹೊಲಿದದ್ದು

1998ರ ಶ್ರಾವಣದ ಒಂದು ಸೋಮವಾರ, ಬೆಳಗ್ಗೆ ಹತ್ತು ಗಂಟೆ. ನೊಣವಿನಕೆರೆಯ ಸಮುದಾಯ ಭವನದ ಹೊಲಿಗೆ ತರಬೇತಿಯಲ್ಲಿ ಕಲಿಸುತ್ತಿದ್ದ ನಾನು, ಕೆಲಸ ನೋಡಲು ಬಂದಿದ್ದ ತಿಪಟೂರಿನ ಟೈಲರ್ ಮತ್ತು ಕಲಿಯುತ್ತಿದ್ದ ರಂಗಪ್ಪ ಇದ್ದೆವು. ಕಾಯಿ ಕೆಡವುವ ಕೆಲಸದಲ್ಲಿ ತೆಂಗಿನ ಮರದಿಂದ ಬಿದ್ದು ಒಂದು ಕಾಲಿನ ಬಲ ಕಳೆದುಕೊಂಡಿದ್ದ ರಂಗಪ್ಪನ ಅಂಗಿ ಒಪ್ಪಿಗೆಯಾದರೆ ಟೈಲರ್ ಅವನಿಗೆ ಕೆಲಸ ಕೊಡುವವರಿದ್ದರು. ರಂಗಪ್ಪ ಕಾಲರ್ ಮುಗಿಸಿ, ದಾರ ಕತ್ತರಿಸಲು ಕತ್ತರಿ ಎತ್ತಿದವನೇ, "ಸರ್ಕಳ್ರಪ್ಪೋ!" ಎಂದು ಕೂಗಿದ. ಟೈಲರ್ ಬೆಚ್ಚಿ ಎದ್ದು ನಿಂತರು.

"ಏನ್ಲಾ ಅದು?"

"ಕಾಯಿ ಕೆಡವೋವಾಗ ಕೆಳಗಿರೋರ್ನ ಕೂಗ್ದೆ ಯಾವತ್ತೂ ಮಚ್ಚು ಬೀಸ್ದೋನಲ್ಲ ಕಣ್ರೀ. ಈಗ ಕತ್ತರಿ ಎತ್ತಿದ್ರೂ ಬಾಯಿ ಸುಮ್ಕಿರಲ್ಲ."

ಟೈಲರ್ ಕಾಲರನ್ನು ತಿರುವಿ ನೋಡಿ ನಕ್ಕರು. "ನಾಳೆಯಿಂದ ಬಾ. ಗಿರಾಕಿಗಳ್ನ ಮಾತ್ರ ಓಡಿಸ್‌ಬ್ಯಾಡ."

ಮರ ಬಿಟ್ಟರೂ ಮರದ ಮೇಲಿನ ಎಚ್ಚರ ಮನುಷ್ಯನಲ್ಲಿ ಎಲ್ಲಿ ಉಳಿದಿರುತ್ತದೋ, ನನಗೆ ಇಂದಿಗೂ ಕುತೂಹಲ. ಅಂದು ಸಂಜೆ ಅವನು ಕಲಿತ ಯಂತ್ರಕ್ಕೆ ಎಣ್ಣೆ ಬಿಟ್ಟು, ಮುಂದೆ ಕಲಿಯಲು ಬರುವವರಿಗೆ ಅಣಿಮಾಡಿಟ್ಟೆ.